ಚಕ್ರವರ್ತಿಯ ಹುಟ್ಟುಹಬ್ಬಕ್ಕೆ ಬಂದ ಇಂಗ್ಲಿಷ್ ಮೇಷ್ಟ್ರು

1890ರ ನವೆಂಬರ್ 3ರಂದು ಜಪಾನಿನ ಮಾತ್ಸುಯೆ ಎಂಬ ಊರಿನ ಮಿಡ್ಲ್ ಸ್ಕೂಲಿಗೆ ರಜೆ. ಆದರೂ ಬೆಳಗ್ಗೆ ಎಂಟು ಗಂಟೆಗೆ ಹುಡುಗರು, ಮೇಷ್ಟ್ರುಗಳು ಎಲ್ಲರೂ ದೊಡ್ಡ ಸಭಾಂಗಣದಲ್ಲಿ ಸೇರಿದ್ದರು. ವೇದಿಕೆಯ ಮೇಲೆ ಗಾಢ ಬಣ್ಣದ ರೇಷ್ಮೆ ಹೊದಿಸಿದ ಮೇಜು, ಅದರ ಮೇಲೆ ಬಂಗಾರದ ಚೌಕಟ್ಟಿನಲ್ಲಿ ಚಕ್ರವರ್ತಿ ಮತ್ತು ಸಾಮ್ರಾಜ್ಞಿಯ ಭಾವಚಿತ್ರಗಳು, ಸುತ್ತ ಬಾವುಟ, ಹೂಮಾಲೆ. ಜರತಾರಿ ಸಮವಸ್ತ್ರ ತೊಟ್ಟ ಗವರ್ನರ್ ಬಂದರು. ಅವರ ಹಿಂದೆ ಮೇಯರ್, ಸೇನಾಧಿಕಾರಿ, ಪೊಲೀಸ್ ಮುಖ್ಯಸ್ಥರು ಬಂದರು. ರಾಷ್ಟ್ರಗೀತೆ ಆಯಿತು. ಗವರ್ನರ್ ನಿಧಾನವಾಗಿ ಮುಂದೆ ನಡೆದು ಆಳವಾಗಿ ಬಾಗಿ ನಮಸ್ಕರಿಸಿದರು, ಉಳಿದವರೂ ಹಾಗೆಯೇ ಮಾಡಿದರು. ಇದನ್ನೆಲ್ಲ ಕಂಡು ಬರೆದಿಟ್ಟವನು ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಲಫ್ಕಾಡಿಯೊ ಹರ್ನ್. ಗ್ರೀಸಿನ ಲೆಫ್ಕಾಡ ದ್ವೀಪದಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಕರ್ತನಾಗಿದ್ದವನು ಆತ. ಆ ವರ್ಷದ ಏಪ್ರಿಲ್‌ನಲ್ಲಷ್ಟೇ ಜಪಾನಿಗೆ ಬಂದಿಳಿದಿದ್ದ. 1894ರಲ್ಲಿ ಪ್ರಕಟವಾದ ಅವನ ‘ಗ್ಲಿಂಪ್ಸಸ್ ಆಫ್ ಅನ್‌ಫೆಮಿಲಿಯರ್ ಜಪಾನ್’ ಪುಸ್ತಕದಲ್ಲಿ ಇಂಗ್ಲಿಷ್ ಮೇಷ್ಟ್ರೊಬ್ಬನ ದಿನಚರಿ ಎಂಬ ಅಧ್ಯಾಯವೇ ಇದೆ. ಹುಡುಗರ ಪ್ರಬಂಧ, ಕಾಯಿಲೆ, ಕಸರತ್ತು ಎಲ್ಲ ಬರುವ ಆ ಅಧ್ಯಾಯದಲ್ಲಿ ಹುಟ್ಟುಹಬ್ಬ ಅಂತ ಎದ್ದು ಕಾಣುವುದು ಒಂದೇ, ಅದು ಚಕ್ರವರ್ತಿಯದು.

ಇವತ್ತು ಜಪಾನಿನ ಯಾವುದೋ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಪರದೇಶಿಯ ಹುಟ್ಟುಹಬ್ಬ ಬಂದರೆ ಮಕ್ಕಳು ಕಾರ್ಡು ಬರೆದು ಕೊಡುತ್ತಾರೆ, ಕೋರಸ್ಸಿನಲ್ಲಿ ಹಾಡುತ್ತಾರೆ. ಈ ಎರಡು ದೃಶ್ಯಗಳ ನಡುವೆ ನೂರು ಚಿಲ್ಲರೆ ವರ್ಷ ಕಳೆದಿವೆ. ಆ ಅವಧಿಯಲ್ಲಿ ಆದದ್ದನ್ನು ಸಾಮಾನ್ಯವಾಗಿ ಹೀಗೆ ವಿವರಿಸುತ್ತಾರೆ: ಪಶ್ಚಿಮದವರು ಬಂದರು, ಇಂಗ್ಲಿಷ್ ಕಲಿಸಿದರು, ಜೊತೆಗೆ ಕೇಕು, ಮೇಣದಬತ್ತಿ, ಹಾಡು ತಂದರು, ಜಪಾನಿನವರು ಅದನ್ನೆಲ್ಲ ಕಲಿತರು. ಕೇಳುವುದಕ್ಕೆ ಸರಳವಾಗಿದೆ, ಆದರೆ ದಾಖಲೆಗಳು ಈ ಕಥೆಗೆ ಪೂರ್ತಿ ಒಪ್ಪುವುದಿಲ್ಲ. ಜಪಾನಿನಲ್ಲಿ ಪ್ರತಿಯೊಬ್ಬನಿಗೂ ಅವನದೇ ಒಂದು ಹುಟ್ಟುಹಬ್ಬ ಎಂಬ ವ್ಯವಸ್ಥೆಯನ್ನು ಕಟ್ಟಿದ್ದು ಮೇಷ್ಟ್ರುಗಳಲ್ಲ, ಸರ್ಕಾರ. ಕಟ್ಟಿದ್ದಾದರೂ ಸಂಭ್ರಮಕ್ಕಾಗಿ ಅಲ್ಲ. ಸೈನ್ಯಕ್ಕೆ, ಶಾಲೆಗೆ, ಕೊನೆಗೆ ಪಡಿತರಕ್ಕೆ. ಇಂಗ್ಲಿಷ್ ಮೇಷ್ಟ್ರು ಬಂದದ್ದು ಆಗಲೇ ಎದ್ದು ನಿಂತಿದ್ದ ಕಟ್ಟಡದೊಳಕ್ಕೆ.

ಹಳೆಯ ಲೆಕ್ಕ ಹೇಗಿತ್ತು ಎಂಬುದನ್ನು ಮೊದಲು ನೋಡಬೇಕು. ಕಝೊಯೆದೋಶಿ ಎಂದು ಅದರ ಹೆಸರು. ಮಗು ಹುಟ್ಟಿದ ಕೂಡಲೇ ಅದಕ್ಕೆ ಒಂದು ವರ್ಷ. ಆಮೇಲೆ ಪ್ರತಿ ಹೊಸವರ್ಷದ ದಿನ ಊರಿಗೆ ಊರೇ ಒಟ್ಟಿಗೆ ಒಂದು ವರ್ಷ ದೊಡ್ಡದಾಗುತ್ತಿತ್ತು. ವರ್ಷದ ಕಡೆಯ ದಿನ ಹುಟ್ಟಿದ ಕೂಸಿಗೆ ಮರುದಿನ ಬೆಳಗಾಗುವುದರೊಳಗೆ ಎರಡು ವರ್ಷ. ಹೊಸವರ್ಷದಲ್ಲಿ ಹಿರಿಯರು ಮಕ್ಕಳಿಗೆ ಕೊಡುವ ತೋಶಿದಮ ಈಗ ಪುಟ್ಟ ಲಕೋಟೆಯಲ್ಲಿಟ್ಟ ನೋಟಾಗಿದೆ. ಹೊಸ ವಯಸ್ಸಿನೊಡನೆ ಬರುವ ಕಾಣಿಕೆ ಎಂಬ ಹಳೆಯ ಭಾವ ಅದರ ಹಿಂದಿದೆ. ಈ ಲೆಕ್ಕದಲ್ಲಿ ಒಬ್ಬನ ವಯಸ್ಸು ಬದಲಾಗುವ ದಿನವೂ ಅವನು ಹುಟ್ಟಿದ ದಿನವೂ ಬೇರೆ ಬೇರೆ. ಹರ್ನ್ ಹುಟ್ಟಿದ್ದು 1850ರ ಜೂನ್ 27ರಂದು. ಅವನ ಲೆಕ್ಕಕ್ಕೆ 1891ರ ಜೂನ್‌ನಲ್ಲಿ ನಲವತ್ತೊಂದು ತುಂಬಬೇಕು. ಮಾತ್ಸುಯೆಯ ನೆರೆಹೊರೆಯ ಲೆಕ್ಕಕ್ಕೆ ಆ ವರ್ಷದ ಮೊದಲ ದಿನವೇ ಅವನಿಗೆ ನಲವತ್ತೆರಡು ಆಗಿಹೋಗಿತ್ತು. ಗಂಡಸರಿಗೆ ನಲವತ್ತೆರಡು ಗಂಡಾಂತರದ ವರ್ಷ ಎಂದು ಜಪಾನಿನಲ್ಲಿ ಬಲವಾದ ನಂಬಿಕೆ, ದೇವಸ್ಥಾನಕ್ಕೆ ಹೋಗಿ ಪರಿಹಾರ ಮಾಡಿಸಿಕೊಳ್ಳಬೇಕಾದ ವಯಸ್ಸು. ಒಬ್ಬನೇ ಮನುಷ್ಯ, ಒಂದೇ ಬೀದಿ, ಎರಡು ವಯಸ್ಸು.

ಹುಟ್ಟಿದ ದಿನಕ್ಕೆ ಬೆಲೆಯೇ ಇರಲಿಲ್ಲ ಎಂದಲ್ಲ. ಬೆಲೆ ಇತ್ತು, ಆದರೆ ಅದು ಶಕುನದ ಬೆಲೆ. ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಹರ್ನ್ ಬಿಟ್ಟ ಜಾಗಕ್ಕೆ 1903ರಲ್ಲಿ ಬಂದವರಲ್ಲಿ ಒಬ್ಬರು ಕಾದಂಬರಿಕಾರ ನಾತ್ಸುಮೆ ಸೋಸೆಕಿ. ಅವರೂ ಮಾತ್ಸುಯಾಮ, ಕುಮಾಮೊತೊಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರೇ. 1867ರಲ್ಲಿ ಅವರು ಹುಟ್ಟಿದ್ದು ಕೋಶಿನ್ ದಿನ. ಆ ದಿನ ಹುಟ್ಟಿದವನು ಕಳ್ಳನಾಗುತ್ತಾನೆ, ಹೆಸರಿನಲ್ಲಿ ಚಿನ್ನದ ಅಕ್ಷರ ಸೇರಿಸಿದರೆ ದೋಷ ಕಳೆಯುತ್ತದೆ ಎಂದು ನಂಬಿಕೆ. ಹಾಗಾಗಿ ಮಗುವಿಗೆ ಕಿನ್ನೊಸುಕೆ ಎಂದು ಹೆಸರಿಟ್ಟರು. ದಿನಕ್ಕಿಂತ ವರ್ಷದ ಭಾರ ಇನ್ನೂ ಹೆಚ್ಚು. ಅರವತ್ತು ವರ್ಷಕ್ಕೊಮ್ಮೆ ಬರುವ ಹಿನೊಯೆ ಉಮಾ, ಅಂದರೆ ಬೆಂಕಿ ಕುದುರೆಯ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನಿಗೆ ಆಗಿಬರುವುದಿಲ್ಲ ಎನ್ನುತ್ತಿದ್ದರು. ಇದು ಅಜ್ಜಿಯರ ಮಾತಾಗಿ ಮಾತ್ರ ಉಳಿದಿರಲಿಲ್ಲ: 1965ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು ಸುಮಾರು 18.2 ಲಕ್ಷ, ಬೆಂಕಿ ಕುದುರೆಯ 1966ರಲ್ಲಿ 13.6 ಲಕ್ಷ. ಬುಲೆಟ್ ರೈಲು ಓಡಾಡತೊಡಗಿದ ಮೇಲಿನ ಅಂಕಿ ಇದು. ಇನ್ನು ಆಚರಣೆಯ ಮಾತು ಬಂದರೆ, ಆಯುಸ್ಸಿನ ಎರಡು ತುದಿಗಳಲ್ಲಿ ಅದು ಇತ್ತು. ಮೊದಲ ವರ್ಷ ತುಂಬಿದ ಮಗುವಿನ ಬೆನ್ನಿಗೆ ಒಂದು ಶೋ ಅಕ್ಕಿಯ ಮೋಚಿ, ಹೆಚ್ಚೂಕಡಿಮೆ ಎರಡು ಕಿಲೋ ತೂಕದ್ದು, ಕಟ್ಟಿ ನಡೆಸುತ್ತಿದ್ದರು; ಈಗಲೂ ನಡೆಸುತ್ತಾರೆ. ಅರವತ್ತಕ್ಕೆ ಕನ್ರೆಕಿ, ಹಿರಿಯರಿಗೆ ಕೆಂಪು ಟೋಪಿ, ಕೆಂಪು ತೋಳಿಲ್ಲದ ಅಂಗಿ. ಷಷ್ಟ್ಯಬ್ದಿ ಮಾಡಿಸಿಕೊಳ್ಳುವ ನಮ್ಮ ಮನೆಗಳಿಗೆ ಇದು ಹೊಸದಾಗಿ ಕಾಣುವುದಿಲ್ಲ. ಅರವತ್ತು ಸಂವತ್ಸರಗಳ ಚಕ್ರ ಎರಡೂ ಕಡೆ ಉಂಟು. ಆದರೆ ನಮ್ಮಲ್ಲಿ ಅರ್ಚನೆಗೋ ಶಾಂತಿಗೋ ನೆಪವಾಗುವ ಜನ್ಮನಕ್ಷತ್ರ ವರ್ಷವರ್ಷ ಬರುತ್ತದೆ. ಜಪಾನಿನ ಸಾಧಾರಣ ಮನೆಯಲ್ಲಿ ಒಂದಕ್ಕೂ ಅರವತ್ತಕ್ಕೂ ನಡುವೆ ಹುಟ್ಟಿದ ದಿನ ಹೆಚ್ಚಿನ ಸದ್ದಿಲ್ಲದೆ ಹೋಗುತ್ತಿತ್ತು.

ವರ್ಷವರ್ಷವೂ ಸದ್ದು ಮಾಡುತ್ತಿದ್ದ ಹುಟ್ಟುಹಬ್ಬ ಚಕ್ರವರ್ತಿಯದು. ಅದರ ಮೂಲ ಪಶ್ಚಿಮದಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು. ಚೀನಾದ ತಾಂಗ್ ಸಾಮ್ರಾಟ ಷ್ವಾನ್‌ಜೋಂಗ್ 729ರಲ್ಲಿ ತನ್ನ ಹುಟ್ಟಿದ ದಿನವನ್ನು ನಾಡಹಬ್ಬ ಮಾಡಿದ. ಜಪಾನಿನ ಚಕ್ರವರ್ತಿ ಕೋನಿನ್ 775ರಲ್ಲಿ ಅದನ್ನು ಅನುಸರಿಸಿ ತೆಂಚೋಸೆತ್ಸು ಎಂಬ ಹೆಸರಿನಲ್ಲಿ ತನ್ನ ಹುಟ್ಟುಹಬ್ಬ ಆಚರಿಸಿದ. ಆಮೇಲೆ ಅದು ಮರೆಯಾಗಿ, 1868ರಲ್ಲಿ ಮೇಜಿ ಸರ್ಕಾರ ಅಧಿಕಾರಕ್ಕೆ ಬಂದ ಕೂಡಲೇ ಮತ್ತೆ ಎದ್ದಿತು. ಮೊದಲು ಅದು ಚಾಂದ್ರಮಾನದ ಒಂಬತ್ತನೇ ತಿಂಗಳ 22ನೇ ದಿನ. 1873ರ ಜನವರಿ 1ರಿಂದ ಗ್ರೆಗೋರಿಯನ್ ಪಂಚಾಂಗ ಜಾರಿಗೆ ಬಂದಾಗ ಲೆಕ್ಕ ಹಾಕಿ ನವೆಂಬರ್ 3ಕ್ಕೆ ಕೂರಿಸಿದರು. 1891ರಲ್ಲಿ ಪ್ರಾಥಮಿಕ ಶಾಲೆಗಳ ಹಬ್ಬದ ದಿನಗಳಿಗೆಂದೇ ನಿಯಮಾವಳಿ ಬಂತು: ಭಾವಚಿತ್ರಕ್ಕೆ ನಮಸ್ಕಾರ, ಶಿಕ್ಷಣದ ರಾಜಾಜ್ಞೆಯ ಪಠಣ, ಹೆಡ್‌ಮಾಸ್ಟರ ಭಾಷಣ, ಹಾಡು. ಮಕ್ಕಳಿಗೆ ಸಿಹಿ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಕೆಂಪು-ಬಿಳಿ ಮಾಂಜು ಹಂಚುವುದು ವಾಡಿಕೆಯಾಯಿತು. ಅನೇಕ ಮಕ್ಕಳು ಶಾಲೆಯಲ್ಲಿ ಮೊದಲು ತಿಂದ ಹುಟ್ಟುಹಬ್ಬದ ಸಿಹಿ ತಮ್ಮ ಹುಟ್ಟುಹಬ್ಬದ್ದಾಗಿರಲಿಲ್ಲ. ಹುಟ್ಟಿದ ದಿನಕ್ಕಿಂತ ಆಚರಣೆಯ ಅನುಕೂಲವೇ ಮುಖ್ಯ ಎಂಬುದಕ್ಕೆ ಮುಂದಿನ ಚಕ್ರವರ್ತಿಯೇ ಸಾಕ್ಷಿ. ತೈಶೋ ಹುಟ್ಟಿದ್ದು ಆಗಸ್ಟ್ 31ರಂದು. ಆಗ ಧಗೆ, ಕವಾಯತಿಗೂ ಔತಣಕ್ಕೂ ತ್ರಾಸ. ಹಾಗಾಗಿ ಉತ್ಸವವನ್ನು ಅಕ್ಟೋಬರ್ 31ಕ್ಕೆ ಮುಂದೂಡಿದರು.

ರಾಜ್ಯದ ವರ್ಷವನ್ನು ಅರಸನ ಹುಟ್ಟಿದ ದಿನಕ್ಕೆ ಗಂಟು ಹಾಕುವುದು ಮೈಸೂರಿನವರಿಗೆ ತಿಳಿಯದ್ದಲ್ಲ. ಮಹಾರಾಜರ ವರ್ಧಂತಿ ಅರಮನೆಯ ಪೂಜೆಯಷ್ಟೇ ಆಗಿ ಉಳಿಯಲಿಲ್ಲ. ನಾಲ್ವಡಿಯವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಗೆ ದಸರಾ ಅಧಿವೇಶನದ ಜೊತೆಗೆ ಜೂನ್‌ನಲ್ಲಿ ಹುಟ್ಟುಹಬ್ಬದ ಅಧಿವೇಶನವೂ ಸೇರಿಕೊಂಡಿತು, ದಿವಾನರು ಎರಡರಲ್ಲೂ ಭಾಷಣ ಮಾಡುತ್ತಿದ್ದರು. ಯೊಕೊಹಾಮದಂಥ ಬಂದರುಗಳಲ್ಲಿದ್ದ ಇಂಗ್ಲಿಷರು ಮೇ 24ರಂದು ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬ ಮಾಡುತ್ತಿದ್ದದ್ದೂ ಇದೇ ಜಾತಿಗೆ ಸೇರಿದ್ದು. ಅಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಜಪಾನಿನವನು ಇಂಗ್ಲಿಷರನ್ನು ನೋಡಿ ಏನಾದರೂ ಕಲಿಯಬೇಕೆಂದಿದ್ದರೆ, ಬೀದಿಯಲ್ಲಿ ಅವನ ಕಣ್ಣಿಗೆ ಬೀಳುತ್ತಿದ್ದದ್ದೂ ದೊರೆಯ ಹುಟ್ಟುಹಬ್ಬವೇ. ಮೇಷ್ಟ್ರ ಸ್ವಂತ ಹುಟ್ಟುಹಬ್ಬ ಅವರ ಮನೆಯ ಬಾಗಿಲೊಳಗಿನ ಮಾತು.

ಹಾಗಾದರೆ ಪ್ರಜೆಗೆ ಹುಟ್ಟಿದ ದಿನ ಸಿಕ್ಕಿದ್ದು ಹೇಗೆ? ಕಡತಗಳ ಮೂಲಕ. 1872ರಲ್ಲಿ ಕೊಸೆಕಿ ಎಂಬ ಕುಟುಂಬ ವಹಿ ದೇಶಾದ್ಯಂತ ಜಾರಿಗೆ ಬಂತು. ಅದೇ ವರ್ಷದ ಶಿಕ್ಷಣ ಕಾನೂನು ಆರು ವರ್ಷದ ಮಕ್ಕಳನ್ನು ಶಾಲೆಗೆ ಕರೆಯಿತು. 1873ರ ಸೈನ್ಯ ಭರ್ತಿಯ ಆಜ್ಞೆ ಇಪ್ಪತ್ತರ ಗಂಡಸರನ್ನು ಕರೆಯಿತು. ಯಾರಿಗೆ ಆರು, ಯಾರಿಗೆ ಇಪ್ಪತ್ತು ಎಂದು ತೀರ್ಮಾನಿಸಲು ಊರೆಲ್ಲ ಒಟ್ಟಿಗೆ ದೊಡ್ಡದಾಗುವ ಲೆಕ್ಕ ಸಾಲದು. 1873ರಲ್ಲೇ ಪೂರ್ಣ ವರ್ಷಗಳಲ್ಲಿ ವಯಸ್ಸು ಎಣಿಸಬೇಕೆಂಬ ಆಜ್ಞೆ ಹೊರಟಿತು. 1902ರ 50ನೇ ಸಂಖ್ಯೆಯ ಕಾನೂನು ಹುಟ್ಟಿದ ದಿನದಿಂದಲೇ ಎಣಿಕೆ ಎಂದು ನಿಗದಿ ಮಾಡಿತು. ಜನ ಇದಕ್ಕೆ ಕಿವಿಗೊಟ್ಟರೇ? ಕಚೇರಿಯಲ್ಲಿ ಕೊಟ್ಟರು, ಮನೆಯಲ್ಲಿ ಇಲ್ಲ. ಕಾನೂನು ಬಂದು ನಲವತ್ತು ವರ್ಷ ಕಳೆದರೂ ಬಾಯಲ್ಲಿ ಬರುತ್ತಿದ್ದದ್ದು ಹಳೆಯ ವಯಸ್ಸೇ. ಜನರೂ ಕಡತವನ್ನು ತಮಗೆ ಬೇಕಾದ ಹಾಗೆ ಬಗ್ಗಿಸಿಕೊಳ್ಳುತ್ತಿದ್ದರು: ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮಗುವಿಗೆ ಸುಮ್ಮನೆ ಒಂದು ವರ್ಷ ಏರಬಾರದೆಂದು ಜನವರಿಯಲ್ಲಿ ಹುಟ್ಟಿತೆಂದು ಬರೆಸುತ್ತಿದ್ದರು. ನಮ್ಮಲ್ಲಿ ಒಂದು ತಲೆಮಾರಿನ ಅಷ್ಟೊಂದು ಜನ ಜೂನ್ 1ರಂದೇ ಹುಟ್ಟಿದ್ದು ಹೇಗೆ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ಟರು ಬರೆದುಕೊಂಡದ್ದೇ ತಾರೀಖು. ಆಮೇಲೆ ನಿವೃತ್ತಿಯೂ ಅದರ ಪ್ರಕಾರವೇ.

ಬಾಯಿಮಾತಿನ ವಯಸ್ಸನ್ನು ಕಡೆಗೂ ಬದಲಿಸಿದ್ದು ಸೋತ ದೇಶದ ಹಸಿವು. 1949ರಲ್ಲಿ ಸಂಸತ್ತು ಒಂದು ಪುಟ್ಟ ಕಾನೂನು ಮಾಡಿತು: 1950ರ ಜನವರಿ 1ರಿಂದ ಜನರು ತಮ್ಮ ವಯಸ್ಸನ್ನು ಪೂರ್ಣ ವರ್ಷಗಳಲ್ಲೇ ಹೇಳುವ ರೂಢಿ ಮಾಡಿಕೊಳ್ಳಬೇಕು, ಸರ್ಕಾರಿ ಕಚೇರಿಗಳಂತೂ ಕಡ್ಡಾಯವಾಗಿ ಹಾಗೆಯೇ ಬರೆಯಬೇಕು. ಕೊಟ್ಟ ಕಾರಣಗಳನ್ನು ಓದಿದರೆ ಆ ಕಾಲದ ಮುಖ ಕಾಣುತ್ತದೆ. ವಯಸ್ಸು ಕಡಿಮೆಯಾದರೆ ಸೋತ ಜನರ ಮನಸ್ಸು ಹಗುರಾಗುತ್ತದೆ. ಜನನ ನೋಂದಣಿ ಸರಿಯಾಗಿ ನಡೆಯುತ್ತದೆ. ಹೊರದೇಶಗಳ ಜೊತೆಗಿನ ವ್ಯವಹಾರದಲ್ಲಿ ಗೊಂದಲ ತಪ್ಪುತ್ತದೆ. ಪಡಿತರ ಹಂಚಿಕೆಯಲ್ಲಿನ ಅಸಂಬದ್ಧ ನೀಗುತ್ತದೆ. ಈ ನಾಲ್ಕರಲ್ಲಿ ಪಡಿತರದ ಕಾರಣವೇ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಅಕ್ಕಿಯನ್ನು ವಯಸ್ಸಿನ ಪ್ರಕಾರ ಅಳೆದು ಕೊಡುವಾಗ, ಹುಟ್ಟಿ ಎರಡು ವಾರವಾದ ಕೂಸನ್ನು ಎರಡು ವರ್ಷದ್ದೆಂದು ಬರೆಯುವ ಲೆಕ್ಕ ತಾಯಂದಿರಿಗೂ ಗುಮಾಸ್ತರಿಗೂ ತಲೆನೋವು. ಹೀಗೆ ತಲೆತಲಾಂತರದಿಂದ ಹೊಸವರ್ಷದ ದಿನ ದೊಡ್ಡವರಾಗುತ್ತಿದ್ದ ಜಪಾನಿನವರು 1950ರ ಹೊಸವರ್ಷದ ದಿನ ಒಂದೆರಡು ವರ್ಷ ಚಿಕ್ಕವರಾದರು. ಮುಂದಿನ ವರ್ಷ ಏರುವುದಕ್ಕೆ ಪ್ರತಿಯೊಬ್ಬನೂ ತನ್ನದೇ ದಿನಕ್ಕಾಗಿ ಕಾಯಬೇಕಾಯಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. 1949 ಅಮೆರಿಕದ ಸೇನೆ ಜಪಾನನ್ನು ಆಳುತ್ತಿದ್ದ ಕಾಲ. ಹಾಗಿದ್ದ ಮೇಲೆ ಇದು ಪಶ್ಚಿಮದ ಪ್ರಭಾವ ಅಲ್ಲದೆ ಮತ್ತೇನು? ಪ್ರಭಾವ ಇಲ್ಲ ಎಂದು ನಾನು ಹೇಳುವುದಿಲ್ಲ. ಹುಟ್ಟುಹಬ್ಬದ ರೂಪವೆಲ್ಲ ಆಮದೇ: ಕೇಕು, ಮೇಣದಬತ್ತಿ, ಇಂಗ್ಲಿಷ್ ಹಾಡು. ಯೊಕೊಹಾಮದ ಫುಜಿಯಾ ಅಂಗಡಿ 1910ರಷ್ಟು ಹಿಂದೆಯೇ ಕ್ರಿಸ್‌ಮಸ್ ಕೇಕು ಮಾರುತ್ತಿತ್ತು. ಕೆನೆ ಮೆತ್ತಿದ ಸ್ಟ್ರಾಬೆರಿ ಕೇಕು ಯುದ್ಧಾನಂತರ ಮನೆಮನೆಗೆ ಬಂತು. ಹಾಡಿನ ಹುಟ್ಟಂತೂ ಶಾಲೆಯಲ್ಲೇ. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಕಿಂಡರ್‌ಗಾರ್ಟನ್ ನಡೆಸುತ್ತಿದ್ದ ಪ್ಯಾಟಿ ಹಿಲ್ ಮತ್ತು ಅವರ ಅಕ್ಕ ಮಿಲ್ಡ್ರೆಡ್, ಬೆಳಗ್ಗೆ ಮಕ್ಕಳನ್ನು ಸ್ವಾಗತಿಸುವುದಕ್ಕೆಂದು ಕಟ್ಟಿ 1893ರಲ್ಲಿ ಅಚ್ಚು ಹಾಕಿಸಿದ ರಾಗ ಅದು; ಹುಟ್ಟುಹಬ್ಬದ ಮಾತು ಅದಕ್ಕೆ ಆಮೇಲೆ ಅಂಟಿಕೊಂಡಿತು. ಆದರೆ ರೂಪ ಬಂದ ಮಾತ್ರಕ್ಕೆ ನೆಲೆ ಬರುವುದಿಲ್ಲ. ಪೂರ್ಣ ವಯಸ್ಸಿನ ಲೆಕ್ಕವನ್ನು ಅಮೆರಿಕದವರು ಹೊಸದಾಗಿ ಹೇರಲಿಲ್ಲ. ಅದು ಎಪ್ಪತ್ತಾರು ವರ್ಷಗಳಿಂದ ಜಪಾನಿನದೇ ಆಜ್ಞೆಗಳಲ್ಲಿ ಕೂತಿತ್ತು. ಆಮೇಲೆ ಜಪಾನಿನ ಶಿಶುವಿಹಾರಗಳು ಹುಟ್ಟುಹಬ್ಬವನ್ನು ಮಾಡುತ್ತ ಬಂದ ರೀತಿಯನ್ನು ನೋಡಿ: ತಿಂಗಳಿಗೆ ಒಂದು ಸಭೆ, ಆ ತಿಂಗಳು ಹುಟ್ಟಿದ ಎಲ್ಲ ಮಕ್ಕಳನ್ನೂ ಕಾಗದದ ಕಿರೀಟ ತೊಡಿಸಿ ಸಾಲಾಗಿ ಮುಂದೆ ಕೂರಿಸಿ ಒಟ್ಟಿಗೆ ಅಭಿನಂದನೆ. ಒಬ್ಬನಿಗೆ ಒಂದು ದಿನ ಎಂಬ ಪಶ್ಚಿಮದ ಮಾದರಿ ಇದಲ್ಲ. ಊರೇ ಒಟ್ಟಿಗೆ ದೊಡ್ಡದಾಗುತ್ತಿದ್ದ ಅಭ್ಯಾಸ ತಿಂಗಳ ಗಾತ್ರಕ್ಕೆ ಇಳಿದು ಬದುಕಿಕೊಂಡಿದೆ ಎಂದು ನನ್ನ ಓದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಪಕ್ಕದ ದೇಶದಿಂದ ಬರುತ್ತದೆ. ದಕ್ಷಿಣ ಕೊರಿಯಾದಲ್ಲಿ ಹೊಸವರ್ಷಕ್ಕೆ ವಯಸ್ಸು ಏರಿಸುವ ಲೆಕ್ಕ ಮೊನ್ನೆಮೊನ್ನೆಯವರೆಗೂ ನಡೆದುಕೊಂಡು ಬಂತು. ಅಧಿಕೃತವಾಗಿ ಅದನ್ನು ಕೈಬಿಟ್ಟದ್ದು 2023ರ ಜೂನ್ 28ರಂದು. ಆದರೆ ಅಲ್ಲಿ ಹುಟ್ಟುಹಬ್ಬ ಬಹಳ ಹಿಂದಿನಿಂದ ಇದೆ: ಬೆಳಗ್ಗೆ ಸಮುದ್ರದ ಪಾಚಿಯ ಸಾರು, ಹಿರಿಯರಿಗಾದರೆ ಚಾಂದ್ರಮಾನದ ತಿಥಿ, ಮೊದಲ ವರ್ಷಕ್ಕೆ ದೊಡ್ಡ ಸಮಾರಂಭ, ಈಚೆಗೆ ಕೇಕು. 1995ರಲ್ಲಿ ಸರ್ಕಾರಿ ಶಾಲೆಗಳಿಗೆ ವಿದೇಶಿ ಇಂಗ್ಲಿಷ್ ಮೇಷ್ಟ್ರುಗಳನ್ನು ಕರೆಸುವ ಯೋಜನೆಯೂ ಶುರುವಾಯಿತು. ಅಂದ ಮೇಲೆ ವಯಸ್ಸಿನ ಕಾನೂನಿಗೂ ಹುಟ್ಟುಹಬ್ಬದ ಸಂತೋಷಕ್ಕೂ ಸಂಬಂಧವಿಲ್ಲ ಎಂದಾಯಿತಲ್ಲ? ಅರ್ಧ ಒಪ್ಪುತ್ತೇನೆ. ಊಟ, ಹಾರೈಕೆ, ತಾಯಿಯ ನೆನಪು ಇವಕ್ಕೆ ಯಾವ ಕಾನೂನಿನ ಅಪ್ಪಣೆಯೂ ಬೇಡ. ನಮ್ಮ ಜನ್ಮನಕ್ಷತ್ರಕ್ಕೂ ಬೇಕಾಗಿರಲಿಲ್ಲ. ಆದರೆ ಅದೇ ಕೊರಿಯಾ ನನ್ನ ವಾದದ ಇನ್ನರ್ಧಕ್ಕೆ ಪುರಾವೆ ಕೊಡುತ್ತದೆ. ಕಾಲು ಶತಮಾನ ಸಾವಿರಾರು ಪರದೇಶಿ ಮೇಷ್ಟ್ರುಗಳು ತರಗತಿಯಲ್ಲಿ ವಯಸ್ಸು ಕೇಳಿ, ಹೇಳಿಸಿ, ಹಾಡು ಹಾಡಿಸಿದರೂ ಒಂದು ಮಗುವಿನ ವಯಸ್ಸೂ ಅದು ಹುಟ್ಟಿದ ದಿನಕ್ಕೆ ಸರಿಯಲಿಲ್ಲ. ಸರಿದದ್ದು ಶಾಸನ ಬದಲಾದಾಗ. ಅದೂ ಪೂರ್ತಿಯಾಗಿ ಅಲ್ಲ: ಸೈನ್ಯ ಭರ್ತಿಗೆ, ಮದ್ಯ-ಸಿಗರೇಟು ಮಾರಾಟಕ್ಕೆ ಅಲ್ಲಿ ಇನ್ನೂ ಹುಟ್ಟಿದ ವರ್ಷವನ್ನಷ್ಟೇ ನೋಡುತ್ತಾರೆ. ಯಾವ ಕೆಲಸಕ್ಕೆ ಯಾವ ಲೆಕ್ಕ ಅನುಕೂಲವೋ ಆ ಕೆಲಸಕ್ಕೆ ಆ ಲೆಕ್ಕ.

ಜಪಾನಿನಲ್ಲಿ ಈ ಅನುಕೂಲದ ಗುರುತು ಎಲ್ಲೆಲ್ಲೂ ಕಾಣುತ್ತದೆ. ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿಯುವುದು ಹುಟ್ಟುಹಬ್ಬ ಕಳೆದ ಒಂದು ತಿಂಗಳಿಗೆ. ಮೇಜಿ ಚಕ್ರವರ್ತಿಯ ನವೆಂಬರ್ 3 ಈಗ ಸಂಸ್ಕೃತಿ ದಿನ. ಶೋವಾ ಚಕ್ರವರ್ತಿಯ ಏಪ್ರಿಲ್ 29 ಮೊದಲು ಹಸಿರಿನ ದಿನವಾಗಿ, 2007ರಿಂದ ಶೋವಾ ದಿನವಾಗಿದೆ. ಈಗಿನ ಚಕ್ರವರ್ತಿಯ ಹುಟ್ಟುಹಬ್ಬ ಫೆಬ್ರವರಿ 23ಕ್ಕೆ, ಆವತ್ತೂ ರಜೆ. ಹಾಗಾಗಿ ಅಲ್ಲಿಗೆ ಹೋದ ಮೇಷ್ಟ್ರಿಗೆ ಈಗ ವರ್ಷದ ರಜಾಪಟ್ಟಿಯಲ್ಲಿ ಮೂರು ಚಕ್ರವರ್ತಿಗಳ ಹುಟ್ಟುಹಬ್ಬ ಸಿಗುತ್ತದೆ, ಹರ್ನ್‌ನ ಕಾಲದ ಹಾಗೆ ತನ್ನದು ಮಾತ್ರ ಸಿಗುವುದಿಲ್ಲ.

ಮೇಷ್ಟ್ರುಗಳ ಸಂಖ್ಯೆಯಂತೂ ಹರ್ನ್ ಊಹಿಸಲಾರದಷ್ಟು ಬೆಳೆದಿದೆ. 1987ರಲ್ಲಿ ಪರದೇಶದ ಮೇಷ್ಟ್ರುಗಳನ್ನು ಜಪಾನಿನ ಶಾಲೆಗಳಿಗೆ ಕರೆಸುವ ಜೆಟ್ ಯೋಜನೆ ಶುರುವಾದಾಗ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಂದ 848 ಮಂದಿ ಬಂದರು. ಆಮೇಲೆ ಸಾವಿರಗಟ್ಟಲೆಯಾದರು, ದೇಶಗಳೂ ಹೆಚ್ಚಿದವು. 2020ರ ಏಪ್ರಿಲ್‌ನಿಂದ ಐದು ಮತ್ತು ಆರನೇ ತರಗತಿಗಳಿಗೆ ಇಂಗ್ಲಿಷ್ ಪೂರ್ಣ ಪ್ರಮಾಣದ ವಿಷಯವಾಯಿತು. ಅದಕ್ಕೆ ಮುನ್ನ ಶಿಕ್ಷಣ ಇಲಾಖೆ ಹೊರತಂದ ಐದನೇ ತರಗತಿಯ ‘ವೀ ಕ್ಯಾನ್’ ಪುಸ್ತಕದ ಎರಡನೇ ಪಾಠವೇ ನಿನ್ನ ಹುಟ್ಟುಹಬ್ಬ ಯಾವಾಗ ಎಂಬುದು. ತಿಂಗಳ ಹೆಸರು, ತಾರೀಖು ಕಲಿಸುವುದಕ್ಕೆ ಅದಕ್ಕಿಂತ ಸಲೀಸಾದ ಪ್ರಶ್ನೆ ಸಿಗದು. ಪರದೇಶದಿಂದ ಬಂದ ಮೇಷ್ಟ್ರು ಅದನ್ನು ಕೇಳುತ್ತಾರೆ. ಕೇಳೆಂದು ಬರೆದುಕೊಟ್ಟದ್ದು ಸರ್ಕಾರ. ಉತ್ತರ ಹೇಳುವ ಮಕ್ಕಳಲ್ಲಿ ಏಪ್ರಿಲ್ 2ರಂದು ಹುಟ್ಟಿದವನು ತರಗತಿಗೆಲ್ಲ ಹಿರಿಯ; ಏಪ್ರಿಲ್ 1ರವನು ಎಲ್ಲರಿಗಿಂತ ಕಿರಿಯ. 1902ರ ಆ ಕಾನೂನಿನ ಪ್ರಕಾರ ವಯಸ್ಸು ತುಂಬುವುದು ಹುಟ್ಟುಹಬ್ಬದ ಹಿಂದಿನ ದಿನ ಮುಗಿಯುವ ಹೊತ್ತಿಗೆ. ಏಪ್ರಿಲ್ 1ರವನಿಗೆ ಮಾರ್ಚ್ 31ರ ರಾತ್ರಿಯೇ ಆರು ತುಂಬಿಬಿಡುತ್ತದೆ. ಶಾಲೆಯ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಆದ್ದರಿಂದ ಅವನು ಒಂದು ವರ್ಷ ಮುಂಚೆಯೇ ಒಂದನೇ ತರಗತಿಗೆ ಸೇರಿರುತ್ತಾನೆ.